ಎರಡು ಸಲ ಓಡಿದ ಹುಡುಗ: ಸೇನಾ ಭರ್ತಿಯ ಒಂದು ಪ್ರಕರಣ

ಇದರಲ್ಲಿ ಬರುವ ಹುಡುಗನ ಹೆಸರು, ಊರು, ರೆಜಿಮೆಂಟು ಯಾವುದನ್ನೂ ಹೇಳುವುದಿಲ್ಲ. ಅವನು ಈಗ ಸೇವೆಯಲ್ಲಿದ್ದಾನೆ. ಸಮವಸ್ತ್ರದಲ್ಲಿ ಇರುವವನ ಬಗ್ಗೆ ಹೊರಗಿನವರು ಜಾಸ್ತಿ ಮಾತಾಡಿದರೆ ಅದರ ಬಿಸಿ ತಟ್ಟುವುದು ಅವನಿಗೇ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ನಿಯಮ, ಅಳತೆಗಳನ್ನು ಮುಟ್ಟಿಲ್ಲ.

ನಾನು 17 ವರ್ಷ ಸೇವೆ ಮಾಡಿ ಹವಾಲ್ದಾರ್ ಆಗಿ ಊರಿಗೆ ಬಂದವನು. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನ ಹೈಸ್ಕೂಲ್ ಮೈದಾನದಲ್ಲಿ ಬೆಳಗ್ಗೆ ಐದಕ್ಕೆ ಹುಡುಗರನ್ನು ಓಡಿಸುತ್ತೇನೆ. ಫೀಸು ಗೀಸು ಏನೂ ಇಲ್ಲ. ಸುಣ್ಣದ ಪುಡಿಯಲ್ಲಿ ಎಳೆದ 200 ಮೀಟರಿನ ಸುತ್ತು, ಹಳೇ ಬೋರ್‌ವೆಲ್ ಪೈಪಿನಲ್ಲಿ ಮಾಡಿದ ಪುಲ್-ಅಪ್ ಕಂಬಿ, ಒಂಬತ್ತು ಅಡಿಯ ಒಂದು ಗುಂಡಿ. ನಮ್ಮ ಆಸ್ತಿ ಇಷ್ಟೇ. ಎಂಟು ಸುತ್ತು ಹಾಕಿದರೆ 1.6 ಕಿಲೋಮೀಟರ್. ಸೇನಾ ಭರ್ತಿ ಅಂದರೆ ನಮ್ಮ ಕಡೆ ಹುಡುಗರ ತಲೆಯಲ್ಲಿ ಮೊದಲು ಬರುವುದು ಆ ಎಂಟು ಸುತ್ತು.

ಹುಡುಗ, ಅವನ ಎತ್ತರ

ಹುಟ್ಟಿದ್ದು 2000ದ ಜನವರಿ. ಅಪ್ಪನಿಗೆ ಮೂರು ಎಕರೆ ಒಣಭೂಮಿ. ಹುಡುಗ ಐಟಿಐ ಮುಗಿಸಿದ್ದ. ಎತ್ತರ 167 ಸೆಂಟಿಮೀಟರ್.

ಈ 167 ಯಾಕೆ ಹೇಳುತ್ತಿದ್ದೇನೆ ಅಂದರೆ, ಇಡೀ ಪ್ರಕರಣ ಒಂಥರಾ ಅದರ ಮೇಲೇ ನಿಂತಿದೆ. ಕರ್ನಾಟಕದವರಿಗೆ ಸೇನೆಯ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸಿಪಾಯಿ ಹುದ್ದೆಗೆ, ಬೇಕಾದದ್ದು 166. ನಮ್ಮ ರಾಜ್ಯ ಪೊಲೀಸ್ ಕಾನ್‌ಸ್ಟೇಬಲ್‌ಗೆ 168. ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದ ಕೇಂದ್ರದ ಪಡೆಗಳಿಗೆ 170. ಅಂದರೆ ಗಡಿಯಲ್ಲಿ ಬಂದೂಕು ಹಿಡಿಯಲು ಸಾಕಾಗುವ ಎತ್ತರ ತಾಲ್ಲೂಕಿನ ಪೊಲೀಸ್ ಠಾಣೆಗೆ ಒಂದು ಸೆಂಟಿಮೀಟರ್ ಕಮ್ಮಿ. ಒಂದೊಂದು ಬಾಗಿಲಿಗೂ ಅದರದೇ ಲೆಕ್ಕ, ಇರಲಿ. ಆದರೆ ಈ ಹುಡುಗನಿಗೆ ತೆರೆದಿದ್ದ ಬಾಗಿಲು ಒಂದೇ ಒಂದು.

2021ರ ಆರಂಭದಲ್ಲಿ ಸೇನೆಯ ಭರ್ತಿ ರ‍್ಯಾಲಿ ಆಯಿತು. ಆಗಿನ ಕ್ರಮ ಹೀಗಿತ್ತು. ಮೊದಲು ಓಟ, ಪುಲ್-ಅಪ್, ಗುಂಡಿ ಹಾರುವುದು, ವಕ್ರ ಹಲಗೆಯ ಮೇಲೆ ನಡೆಯುವುದು. ಆಮೇಲೆ ಅಳತೆ, ವೈದ್ಯಕೀಯ ಪರೀಕ್ಷೆ. ಎಲ್ಲ ದಾಟಿದವನಿಗೆ ಕೊನೆಗೆ ಲಿಖಿತ ಪರೀಕ್ಷೆ. ಹುಡುಗ 5 ನಿಮಿಷ 24 ಸೆಕೆಂಡಿಗೆ ಓಡಿದ. ಐದೂವರೆ ನಿಮಿಷದೊಳಗೆ ಬಂದರೆ 60 ಅಂಕ. ಪುಲ್-ಅಪ್ ಹತ್ತು, ಅದಕ್ಕೆ 40. ನೂರಕ್ಕೆ ನೂರು! ಕಿವಿಯಲ್ಲಿ ಗುಗ್ಗೆ ಇದೆ ಅಂತ ಮೊದಲು ತಾತ್ಕಾಲಿಕ ಅನರ್ಹ ಮಾಡಿದ್ದರು, ತೆಗೆಸಿಕೊಂಡು ಮರುಪರೀಕ್ಷೆಗೆ ಹೋಗಿ ಅದನ್ನೂ ದಾಟಿದ. (ಹುಡುಗರೇ, ರ‍್ಯಾಲಿಗೆ ಹೋಗುವ ಮುಂಚೆ ಕಿವಿ ತೋರಿಸಿಕೊಳ್ಳಿ. ನೂರು ಸಲ ಹೇಳಿದ್ದೇನೆ, ಯಾರೂ ಕೇಳುವುದಿಲ್ಲ.)

ಉಳಿದದ್ದು ಲಿಖಿತ ಪರೀಕ್ಷೆ ಒಂದೇ.

ಕಾಯುವುದು

ಪರೀಕ್ಷೆ ಮುಂದಕ್ಕೆ ಹೋಯಿತು. ಕೊರೋನಾ ಅಂದರು. ಎಲ್ಲರಿಗೂ ಅರ್ಥವಾಗುವ ಕಾರಣ. ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಚುನಾವಣೆಗಳು ನಡೆದವು, ರ‍್ಯಾಲಿಗಳು ನಡೆದವು. ನಮ್ಮ ರ‍್ಯಾಲಿ ಅಲ್ಲ, ಅವರ ರ‍್ಯಾಲಿ. ಆಗ ಹುಡುಗರು ಕೇಳಲು ಶುರು ಮಾಡಿದರು: "ಸರ, ಮೈದಾನದಾಗ ಲಕ್ಷ ಮಂದಿ ಸೇರಬಹುದು, ನಾವು ಸಾವಿರ ಮಂದಿ ಕುಂತು ಪರೀಕ್ಷೆ ಬರೆದ್ರ ಕೊರೋನಾ ಬರ್ತದೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಸರ್ಕಾರವೇ ಸಂಸತ್ತಿನಲ್ಲಿ ಲೆಕ್ಕ ಕೊಟ್ಟಿತು. 2020-21ಕ್ಕೆ ಯೋಜಿಸಿದ್ದು 97 ರ‍್ಯಾಲಿ, ನಡೆದದ್ದು 47, ಲಿಖಿತ ಪರೀಕ್ಷೆ ಆದದ್ದು ಅದರಲ್ಲಿ ನಾಲ್ಕಕ್ಕೆ ಮಾತ್ರ. 2019-20ರಲ್ಲಿ ಸೇನೆ 80,572 ಜನರನ್ನು ತೆಗೆದುಕೊಂಡಿತ್ತು. ಮುಂದಿನ ಎರಡು ವರ್ಷ ಸೊನ್ನೆ.

ಇಲ್ಲಿ ನನ್ನದೊಂದು ತಪ್ಪಿದೆ, ಅದನ್ನು ಮುಚ್ಚಿಟ್ಟು ಈ ಬರಹ ಬರೆಯುವುದರಲ್ಲಿ ಅರ್ಥವಿಲ್ಲ. 2021ರ ಮಳೆಗಾಲದಲ್ಲಿ ಹುಡುಗನಿಗೆ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಅವಕಾಶ ಬಂತು. ಸಂಬಳ ಕಮ್ಮಿ, ಆದರೆ ಕೆಲಸ ಕಲಿಯುವ ಜಾಗ. ಹೋಗಲಾ ಬೇಡವಾ ಅಂತ ಕೇಳಿಕೊಂಡು ನನ್ನ ಮನೆಗೇ ಬಂದ. ನಾನು ಬೇಡ ಅಂದೆ. "ಮೆಡಿಕಲ್ ಫಿಟ್ ಆಗಿದೆ, ಪರೀಕ್ಷೆ ಇವತ್ತಲ್ಲ ನಾಳೆ ಆಗುತ್ತೆ, ಸೇನೆ ಕೊಟ್ಟ ಮಾತಿಗೆ ತಪ್ಪಲ್ಲ" ಅಂದೆ. ನನ್ನ ಸೇವೆಯ ಅಷ್ಟೂ ವರ್ಷ ಅದು ನಿಜವಾಗಿತ್ತು. ರಜೆ ತಡವಾಗಬಹುದು, ರೇಷನ್ ತಡವಾಗಬಹುದು, ಆದರೆ ಆರ್ಡರ್ ಬಂತು ಅಂದರೆ ಬಂತು. ನಾನು ಮರೆತದ್ದು ಏನಂದರೆ, ಯಾರನ್ನು ಎಷ್ಟು ಜನರನ್ನು ಎಷ್ಟು ವರ್ಷಕ್ಕೆ ತೆಗೆದುಕೊಳ್ಳಬೇಕು ಅನ್ನುವ ಆರ್ಡರ್ ಸೇನೆಯ ಕೈಯಲ್ಲಿ ಇರುವುದಿಲ್ಲ. ಅದು ದೆಹಲಿಯಲ್ಲಿ ಬೇರೆ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಸಿಪಾಯಿಗೆ ಈ ಎರಡು ಮೇಜು ಒಂದೇ ಥರ ಕಾಣಿಸುತ್ತವೆ, ಯಾಕೆಂದರೆ ಅವನ ಕೈಗೆ ಬರುವ ಕಾಗದ ಒಂದೇ.

ಹುಡುಗ ಅಪ್ರೆಂಟಿಸ್‌ಗೆ ಹೋಗಲಿಲ್ಲ. ಕಬ್ಬಿನ ಗ್ಯಾಂಗಿಗೆ ಟ್ರ್ಯಾಕ್ಟರ್ ಓಡಿಸಿದ. ಮೈದಾನಕ್ಕೆ ಬರುವುದು ವಾರಕ್ಕೆ ಆರು ದಿನದಿಂದ ಎರಡಕ್ಕೆ ಇಳಿಯಿತು, ಆಮೇಲೆ ನಿಂತೇ ಹೋಯಿತು.

ಜೂನ್ 14

2022ರ ಜೂನ್ 14ರಂದು ರಕ್ಷಣಾ ಸಚಿವರು ಮೂರೂ ಪಡೆಗಳ ಮುಖ್ಯಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಗ್ನಿಪಥ್ ಘೋಷಣೆ ಮಾಡಿದರು. ಇನ್ನು ಮುಂದೆ ಸಿಪಾಯಿ ಭರ್ತಿ ಎಲ್ಲ ಇದರ ಮೂಲಕವೇ. ಹೀಗೆ ಸೇರಿದವನಿಗೆ ಅಗ್ನಿವೀರ ಅಂತ ಹೆಸರು, ನಾಲ್ಕು ವರ್ಷ ಸೇವೆ. ಪ್ರತಿ ಬ್ಯಾಚಿನಲ್ಲಿ ಹೆಚ್ಚೆಂದರೆ 25 ಪರ್ಸೆಂಟ್ ಜನ ಮುಂದುವರಿಯುತ್ತಾರೆ, ಉಳಿದವರು ಮನೆಗೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ ಬರುವುದು 21,000. ಕೊನೆಯ ವರ್ಷ 40,000. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷದ ಸೇವಾ ನಿಧಿ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಸರ್ಕಾರದ ಮುಂದಿದ್ದ ಲೆಕ್ಕವೂ ಸಣ್ಣದಲ್ಲ. ಆ ವರ್ಷದ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟದ್ದು 5.25 ಲಕ್ಷ ಕೋಟಿ, ಅದರಲ್ಲಿ 1.19 ಲಕ್ಷ ಕೋಟಿ ನನ್ನಂಥವರ ಪಿಂಚಣಿಗೇ ಹೋಗುತ್ತಿತ್ತು.

ವಯಸ್ಸಿನ ಮಿತಿ 21 ಅಂದರು. ಹುಡುಗನಿಗೆ 22 ದಾಟಿತ್ತು. ಹಳೇ ಲಿಖಿತ ಪರೀಕ್ಷೆಗಳು ರದ್ದು. ಓಡಿದ್ದು, ಕಂಬಿ ಎಳೆದದ್ದು, ಕಿವಿ ತೋರಿಸಿದ್ದು, ಎಲ್ಲ ನೀರಲ್ಲಿ ಹೋಮ.

ಎರಡು ದಿನಕ್ಕೆ, ಊರೂರಲ್ಲಿ ಗಲಾಟೆ ಶುರುವಾದ ಮೇಲೆ, ಆ ಒಂದು ವರ್ಷಕ್ಕೆ ಮಾತ್ರ ಮಿತಿಯನ್ನು 23ಕ್ಕೆ ಏರಿಸಿದರು. ಹುಡುಗನಿಗೆ ಒಂದೇ ಒಂದು ಕಿಟಕಿ ತೆರೆಯಿತು. ಅವನ ಜೊತೆಗೇ ಬರುತ್ತಿದ್ದ ಇನ್ನೊಬ್ಬನಿಗೆ ಅದೂ ಇಲ್ಲ. ಅವನು 1998ರವನು, ಟ್ರೇಡ್ಸ್‌ಮನ್ ವಿಭಾಗದಲ್ಲಿ (ಅಡುಗೆ, ಬಟ್ಟೆ ಒಗೆಯುವಂಥ ಕೆಲಸ) ಪಾಸಾಗಿದ್ದ. ಆ ವಿಭಾಗಕ್ಕೆ ಮೊದಲಿನಿಂದಲೂ 23ರ ತನಕ ಅವಕಾಶ ಇತ್ತು, ಹಾಗಾಗಿ ಹೊಸ ರಿಯಾಯಿತಿಯಿಂದ ಅವನಿಗೆ ಒಂದು ದಿನವೂ ಸಿಗಲಿಲ್ಲ. ಟಿವಿಯಲ್ಲಿ "ಯುವಕರಿಗೆ ಎರಡು ವರ್ಷದ ರಿಯಾಯಿತಿ" ಅಂತ ಬಂದಾಗ ಅವನು ನಕ್ಕ. ಆ ನಗು ನನಗೆ ಇನ್ನೂ ನೆನಪಿದೆ.

ಧಾರವಾಡದ ಬಸ್ಸು

ಜೂನ್ 17ರಂದು ಸಿಕಂದರಾಬಾದ್ ನಿಲ್ದಾಣದಲ್ಲಿ ರೈಲಿಗೆ ಬೆಂಕಿ ಬಿತ್ತು, ಪೊಲೀಸ್ ಗೋಲಿಬಾರಿನಲ್ಲಿ ಒಬ್ಬ ಹುಡುಗ ಸತ್ತ. ಮರುದಿನ ಧಾರವಾಡದಲ್ಲಿ ಪ್ರತಿಭಟನೆ, ಲಾಠಿ. ನಮ್ಮ ಹುಡುಗ ಅಲ್ಲಿದ್ದ. ನನಗೆ ಹೇಳದೆ ಹೋಗಿದ್ದ.

ಹೋಗಲು ಗಾಡಿ ಕೊಟ್ಟದ್ದು ಒಬ್ಬ ಸ್ಥಳೀಯ ಮುಖಂಡ. ಪಕ್ಷ ಯಾವುದು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಇನ್ನೊಂದು ಪಕ್ಷದವರ ಕಥೆಯೂ ಮುಂದೆ ಬರುತ್ತದೆ. ಹುಡುಗರಿಗೆ ಕಪ್ಪು ಪಟ್ಟಿ, ನೀರಿನ ಬಾಟಲಿ, ಊಟದ ಪೊಟ್ಟಣ ಕೊಟ್ಟು ಕಳಿಸಿದ್ದರು. ಮುಖಂಡ ತಾನು ಹೋಗಿರಲಿಲ್ಲ. ಲಾಠಿ ಬೀಸಿದಾಗ ಹುಡುಗ ಗಲ್ಲಿ ಹಿಡಿದು ಓಡಿದ. ಅವತ್ತು ಎಷ್ಟು ಸೆಕೆಂಡಿಗೆ ಓಡಿದನೋ ದೇವರಿಗೇ ಗೊತ್ತು, ಸಿಕ್ಕಿಬೀಳಲಿಲ್ಲ. ಅದು ಶುದ್ಧ ಅದೃಷ್ಟ.

ಯಾಕೆಂದರೆ ಮರುದಿನವೇ ದೆಹಲಿಯಲ್ಲಿ ಸೇನೆಯ ಹಿರಿಯ ಅಧಿಕಾರಿಗಳು ಸುದ್ದಿಗೋಷ್ಠಿ ಮಾಡಿ ಹೇಳಿದರು: ಬೆಂಕಿ ಹಚ್ಚುವುದರಲ್ಲಿ, ಗಲಾಟೆಯಲ್ಲಿ ಇರಲಿಲ್ಲ ಅಂತ ಪ್ರತಿಯೊಬ್ಬ ಅಭ್ಯರ್ಥಿ ಬರೆದುಕೊಡಬೇಕು, ಪೊಲೀಸ್ ಪರಿಶೀಲನೆ ಆಗುತ್ತದೆ, ಎಫ್‌ಐಆರ್ ಇದ್ದರೆ ಸೇರುವ ಹಾಗಿಲ್ಲ.

ಆ ಸಂಜೆ ಅವನು ಮೈದಾನಕ್ಕೆ ಬಂದ. ಮೊಣಕೈ ತರಚಿತ್ತು. ಕಂಬಿಯ ಕೆಳಗೆ ಕೂತು ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ಸರ, ನಿಷ್ಠಾ ನಿಷ್ಠಾ ಅಂತಾರಲ್ಲ, ಅದು ಯಾರಿಗೆ?"

ನಾನು ಪುಸ್ತಕದ ಉತ್ತರ ಹೇಳಿದೆ. ಕಸಂ ಪರೇಡಿನಲ್ಲಿ ಸಂವಿಧಾನದ ಹೆಸರಲ್ಲಿ ಪ್ರಮಾಣ ಮಾಡುತ್ತೇವೆ. ನೆಲ, ನೀರು, ಆಕಾಶ ಎಲ್ಲಿಗೆ ಕಳಿಸಿದರೂ ಹೋಗುತ್ತೇವೆ, ಜೀವಕ್ಕೆ ಅಪಾಯ ಇದ್ದರೂ ಸರಿ. ಅಲ್ಲಿ ಯಾವ ಮಂತ್ರಿಯ ಹೆಸರೂ ಇಲ್ಲ, ಯಾವ ಪಕ್ಷದ ಹೆಸರೂ ಇಲ್ಲ. ಅವನು ತಲೆ ಆಡಿಸಿದ, ಆದರೆ ಒಪ್ಪಲಿಲ್ಲ. ಅದಕ್ಕೆ ತಿಮ್ಮಯ್ಯನವರ ಕಥೆ ಹೇಳಿದೆ.

ಕೊಡಗಿನ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಆಗಲಿಲ್ಲ. 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಬರೆದು ಕೊಟ್ಟರು. ನೆಹರೂ ಕರೆದು ಮಾತಾಡಿದರು, ತಿಮ್ಮಯ್ಯ ರಾಜೀನಾಮೆ ವಾಪಸ್ ಪಡೆದರು. ಆಮೇಲೆ ನೆಹರೂ ಸಂಸತ್ತಿನಲ್ಲಿ ಎದ್ದು ನಿಂತು, ಚುನಾಯಿತ ಸರ್ಕಾರವೇ ಮೇಲು ಅಂತ ಹೇಳಿ, ರಾಜೀನಾಮೆ ಕೊಟ್ಟದ್ದನ್ನು ಟೀಕಿಸಿದರು. ತಿಮ್ಮಯ್ಯ ಬಾಯಿ ಬಿಡಲಿಲ್ಲ. 1961ರಲ್ಲಿ ನಿವೃತ್ತರಾದರು. ಮುಂದಿನ ವರ್ಷ ಚೀನಾ ಯುದ್ಧ.

"ಅವರು ವಾಪಸ್ ತಗೊಂಡದ್ದು ತಪ್ಪಾ, ಸರೀನಾ?" ಅಂತ ಕೇಳಿದ.

ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಅಕ್ಕಪಕ್ಕದ ದೇಶಗಳಲ್ಲಿ ಜನರಲ್‌ಗಳು ಕುರ್ಚಿ ಹಿಡಿದ ಕಾಲ ಅದು. ನಮ್ಮವರು ಹಿಡಿಯಲಿಲ್ಲ ಅಂದರೆ ಅದರ ಹಿಂದೆ ಇಂಥ ನುಂಗಿಕೊಂಡ ಮಾತುಗಳೂ ಇವೆ. ಆದರೆ ನುಂಗಿಕೊಂಡದ್ದರಿಂದ ಸಚಿವರು ಎಚ್ಚೆತ್ತರಾ ಅಂದರೆ, ಅದೂ ಇಲ್ಲ. ಹುಡುಗ ಇನ್ನೊಂದು ಮಾತು ಅಂದ: "ಅವರು ಒಳಗಿದ್ರು, ರಾಜೀನಾಮೆ ಆದ್ರೂ ಕೊಟ್ರು. ನಾನು ಹೊರಗದೀನಿ. ಕೊಡಾಕ ನನ್ನ ಹತ್ರ ಏನದ?"

ಅಳತೆಗೋಲು ಯಾರ ಕೈಯಲ್ಲಿ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಯಾಕೆಂದರೆ ಆ ವಾರ ನಮ್ಮ ಮೈದಾನದಲ್ಲಿ ದಿನವೂ ಇದೇ ಜಗಳ. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅಂತ ನಾವು ಹಳಬರು ಹೇಳುವುದು, ಹುಡುಗರು ಅದಕ್ಕೆ ಉರಿದುಕೊಳ್ಳುವುದು.

ಭರ್ತಿಯ ಮಾನದಂಡ ಯಾವತ್ತೂ ಬರೀ ಎತ್ತರ, ಎದೆ, ಓಟದ ಮಾತಾಗಿರಲಿಲ್ಲ. 1857ರ ದಂಗೆ ಆದ ಮೇಲೆ ಬ್ರಿಟಿಷರು ಯಾರು ನಿಷ್ಠರು, ಯಾರು ಅಲ್ಲ ಅಂತ ಜಾತಿ, ಪ್ರಾಂತ್ಯ ನೋಡಿ ಪಟ್ಟಿ ಮಾಡಿದರು. ಬ್ರಿಟಿಷ್ ಜನರಲ್ ರಾಬರ್ಟ್ಸ್ ಇಲ್ಲಿ ದಂಡನಾಯಕನಾಗಿದ್ದ ಕಾಲಕ್ಕೆ ಅದು "ಕ್ಷಾತ್ರ ಜನಾಂಗ" ಅನ್ನುವ ಸಿದ್ಧಾಂತವೇ ಆಯಿತು. ಪಂಜಾಬಿಗಳು, ಗೂರ್ಖಾಗಳು ಯೋಧರು. ದಕ್ಷಿಣದವರು ಮೆತ್ತಗಾಗಿದ್ದಾರೆ, ಬೇಡ. ಹೀಗೆ ಮದ್ರಾಸ್ ಸೇನೆಯ ಪಲ್ಟಣಗಳು ಒಂದೊಂದಾಗಿ ಕರಗಿದವು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರಲ್ಲಿ, ಈಗಿನ ಇಸ್ರೇಲಿನ ಹೈಫಾದಲ್ಲಿ, ಕುದುರೆ ಮೇಲೆ ಕೂತು ನುಗ್ಗಿದ್ದು ಆ ಸಿದ್ಧಾಂತಕ್ಕೆ ಕಾಣಿಸಲೇ ಇಲ್ಲ. ಆಮೇಲೆ ಎರಡನೇ ಮಹಾಯುದ್ಧ ಬಂತು. 1939ರಲ್ಲಿ ಸುಮಾರು 2 ಲಕ್ಷ ಇದ್ದ ಸೇನೆ 1945ಕ್ಕೆ 25 ಲಕ್ಷ ಆಯಿತು. ಅಷ್ಟು ಜನ ಬೇಕಾದಾಗ ದಕ್ಷಿಣದವರ "ಮೆತ್ತಗೆ" ಎಲ್ಲಿ ಹೋಯಿತೋ! ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು.

ಸ್ವಾತಂತ್ರ್ಯ ಬಂದ ಮೇಲೆ, ಮಡಿಕೇರಿಯ ಕಾರ್ಯಪ್ಪ ಮೊದಲ ಭಾರತೀಯ ಮಹಾದಂಡನಾಯಕರಾದ 1949ರಲ್ಲೇ, ಭರ್ತಿ ಎಲ್ಲರಿಗೂ ತೆರೆದಿದೆ ಅಂತ ಸರ್ಕಾರ ಹೇಳಿತು. ಎಲ್ಲ ಕಡೆಯವರೂ ಬೆರೆತಿರುವ ಗಾರ್ಡ್ಸ್ ಬ್ರಿಗೇಡನ್ನು ಅದೇ ವರ್ಷ ಕಟ್ಟಿದರು. ಹಳೇ ರೆಜಿಮೆಂಟುಗಳು ಹಳೇ ಪದ್ಧತಿಯಲ್ಲೇ ಉಳಿದವು ಅನ್ನುವುದೂ ನಿಜ.

ಸೇವಾ ಅವಧಿಯೂ ಹಾಗೇ. ನಮ್ಮ ಮೈದಾನಕ್ಕೆ ವಾಕಿಂಗ್ ಬರುವ ಒಬ್ಬ ಅಜ್ಜ ಇದ್ದಾರೆ, 71ರ ಯುದ್ಧ ನೋಡಿದವರು. ಅವರು ಹೇಳಿದರು: "ಏ ತಮ್ಮಾ, ನಮಗಿಂತ ಮೊದಲಿನವರು ಏಳು ವರ್ಷ ಪಲ್ಟಣದಾಗ ಇದ್ದು, ಆಮ್ಯಾಲೆ ರಿಸರ್ವ್ ಅಂತ ಮನೀಗೆ ಬರ್ತಿದ್ರು. 15, 17 ವರ್ಷ ಅನ್ನೋದು ಆಮ್ಯಾಲೆ ಬಂದದ್ದು." ಅಂದರೆ ನಾವು "ಸನಾತನ" ಅಂದುಕೊಂಡಿದ್ದ ನಿಯಮ 70ರ ದಶಕದ್ದು. ಅಜ್ಜನ ಮಾತು ಕೇಳಿ ನನ್ನ ವಾದದ ಗಾಳಿ ಅರ್ಧ ಇಳಿಯಿತು. ಅವಧಿ ಬದಲಾಗಬಾರದು ಅಂತಲ್ಲ. ಓಟ ಮುಗಿಸಿ ಗೆರೆ ದಾಟಿ ನಿಂತವನ ಹಿಂದೆ ಗೆರೆ ಅಳಿಸಿದ್ದು ತಪ್ಪು. ನನ್ನ ತಕರಾರು ಅಷ್ಟಕ್ಕೇ ನಿಂತಿದೆ, ಅಲ್ಲಿಂದ ಅಲ್ಲಾಡಿಲ್ಲ.

ನ್ಯಾಯಾಲಯ ಹಾಗೆ ನೋಡಲಿಲ್ಲ. ಹಳೇ ಭರ್ತಿ ಮುಗಿಸಿಕೊಡಿ ಅಂತ ಹುಡುಗರು ಹೋಗಿದ್ದರು. 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕಾತಿಯ ಹಕ್ಕು ಹುಟ್ಟುವುದಿಲ್ಲ. ಕಾನೂನಿಗೆ ಅದು ಸರಿ ಇರಬಹುದು. ಹುಡುಗನ ಆ 1998ರ ಗೆಳೆಯನಂತೂ ಏಪ್ರಿಲ್ ತನಕ ಅದೇ ಆಸೆಯಲ್ಲಿದ್ದ.

ಮತ್ತೆ ಎಂಟು ಸುತ್ತು

ಜೂನ್ 22ಕ್ಕೆ ಹುಡುಗನನ್ನು ಮತ್ತೆ ಓಡಿಸಿದೆ. 6 ನಿಮಿಷ 20 ಸೆಕೆಂಡ್. ಐದನೇ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡ. ಕಬ್ಬು ಹೇರಿ ಹೆಗಲು ಗಟ್ಟಿಯಾಗಿತ್ತು, ಪುಲ್-ಅಪ್ ಎಂಟು ಬರುತ್ತಿತ್ತು, ಆದರೆ ಉಸಿರು ಹೋಗಿತ್ತು. ರ‍್ಯಾಲಿಯಲ್ಲಿ 5:45 ಆಯಿತು ಅಂದರೆ ಆಗ ಜವಾನರು ಅಡ್ಡ ಹಗ್ಗ ಎಳೆದುಬಿಡುತ್ತಿದ್ದರು. ಹಗ್ಗದ ಈಚೆ ಉಳಿದವನು ಮನೆಗೆ. ನಮಗೆ ಇದ್ದದ್ದು ಹತ್ತಿರ ಹತ್ತಿರ ಮೂರು ತಿಂಗಳು.

ಮೊದಲ ತಿಂಗಳು ವೇಗದ ಮಾತೇ ಎತ್ತಲಿಲ್ಲ. ಬರೀ ನಿಧಾನ ಓಟ, ಆರು ಕಿಲೋಮೀಟರ್, ಎಂಟು ಕಿಲೋಮೀಟರ್, ಕೆರೆ ಏರಿ ಮೇಲೆ. ಎರಡನೇ ತಿಂಗಳಿಂದ ಎರಡು ಸುತ್ತಿನ ತುಂಡುಗಳು, 84 ಸೆಕೆಂಡಿಗೆ ಒಂದು, ನಡುವೆ ಎರಡು ನಿಮಿಷ ನಡಿಗೆ. ಗಡಿಯಾರ ನೋಡಬೇಡ, ಕಾಲಿನ ಸದ್ದು ಕೇಳು ಅಂತ ಹೇಳುತ್ತಿದ್ದೆ. ಆಗಸ್ಟ್ ಕೊನೆಗೆ 5:36ಕ್ಕೆ ಬಂದ. ಹಳೇ 5:24 ವಾಪಸ್ ಬರಲೇ ಇಲ್ಲ. ಆ ಹನ್ನೆರಡು ಸೆಕೆಂಡ್ ಎಲ್ಲಿ ಹೋಯಿತು ಅಂತ ಕೇಳಿದರೆ, ಹದಿನೆಂಟು ತಿಂಗಳ ಕಾಯುವಿಕೆ ತಿಂದು ಹಾಕಿತು ಅಂತಲೇ ನಾನು ಹೇಳುವುದು.

ಈ ನಡುವೆ ಇನ್ನೊಂದು ಪಕ್ಷದವರು ಬಂದರು. "ಅಗ್ನಿವೀರ ತರಬೇತಿ ಶಿಬಿರ" ಅಂತ ಬ್ಯಾನರು, ಮುಖಂಡರ ಫೋಟೋ ಇರುವ ಟಿ-ಶರ್ಟು, ಜೊತೆಗೆ ಮೂವತ್ತು ಜೊತೆ ಶೂ. ಟಿ-ಶರ್ಟು, ಬ್ಯಾನರು ವಾಪಸ್ ಕಳಿಸಿದೆ. ಶೂ ಇಟ್ಟುಕೊಂಡೆ. ಹುಡುಗರು ಬರಿಗಾಲಲ್ಲಿ ಓಡುತ್ತಿದ್ದರು, ಇನ್ನೇನು ಮಾಡಲಿ? ತಪ್ಪು ಅನ್ನುವವರು ಅನ್ನಲಿ. ಅದೇ ಜೂನ್ ತಿಂಗಳಲ್ಲಿ ಒಬ್ಬ ರಾಷ್ಟ್ರೀಯ ನಾಯಕರು, ತಮ್ಮ ಪಕ್ಷದ ಕಚೇರಿಗೆ ಕಾವಲು ಬೇಕಾದರೆ ಅಗ್ನಿವೀರನಿಗೇ ಆದ್ಯತೆ ಅಂತ ಹೇಳಿಕೆ ಕೊಟ್ಟಿದ್ದರು. ಹುಡುಗರು ಅದನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ ನಗುತ್ತಿದ್ದರು. ನಗುವಿನಲ್ಲಿ ಎಷ್ಟು ವಿಷ ಇರಬಹುದು ಅಂತ ಅವತ್ತು ನೋಡಿದೆ.

ಎಲ್ಲಕ್ಕಿಂತ ದೊಡ್ಡ ತಿರುವು ರ‍್ಯಾಲಿಗೆ ನಾಲ್ಕು ದಿನ ಇರುವಾಗ ಬಂತು. ದಾಖಲೆ ಜೋಡಿಸೋಣ, ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ ತಾ ಅಂದೆ. ಹುಡುಗ ಅಪ್ಪನ ಮುಖ ನೋಡಿದ, ಅಪ್ಪ ನೆಲ ನೋಡಿದರು. ವಿಷಯ ಹೊರಬಿತ್ತು. ಊರಿನ ಮುಖಂಡರೊಬ್ಬರು ಲೆಟರ್‌ಹೆಡ್ಡಿನಲ್ಲಿ "ಇವರು ನಮ್ಮವರು, ಸೂಕ್ತ ಸಹಕಾರ ನೀಡಿ" ಅಂತ ಪತ್ರ ಕೊಟ್ಟಿದ್ದರು. ಆ ಪತ್ರ ಹಿಡಿದುಕೊಂಡು ಒಬ್ಬ ದಲ್ಲಾಳಿ ಹತ್ತಿರ ಹೋಗಿದ್ದಾರೆ. ಮೂರೂವರೆ ಲಕ್ಷ ಅಂತ ಮಾತಾಗಿ, 50,000 ಮುಂಗಡ ಕೊಟ್ಟು, ಉಳಿದ ದುಡ್ಡಿಗೆ ಒತ್ತೆಯಾಗಿ ಮೂಲ ಅಂಕಪಟ್ಟಿ ಅವನ ಕೈಗೆ ಕೊಟ್ಟು ಬಂದಿದ್ದಾರೆ!

ಈ ದಂಧೆಯ ಒಳಗುಟ್ಟು ಸರಳ. ದಲ್ಲಾಳಿ ನೂರು ಹುಡುಗರಿಂದ ಒತ್ತೆ ಇಟ್ಟುಕೊಳ್ಳುತ್ತಾನೆ. ಏನೂ ಮಾಡುವುದಿಲ್ಲ. ನೂರರಲ್ಲಿ ಐದಾರು ಜನ ತಮ್ಮ ಕಾಲ ಮೇಲೆ ತಾವೇ ಪಾಸಾಗುತ್ತಾರೆ. ಅವರಿಂದ ಪೂರ್ತಿ ದುಡ್ಡು ವಸೂಲಿ, ಉಳಿದವರಿಗೆ "ಈ ಸಲ ಆಗಲಿಲ್ಲ" ಅಂತ ಅಂಕಪಟ್ಟಿ ವಾಪಸ್. ಬಂಡವಾಳವೇ ಬೇಡದ ವ್ಯಾಪಾರ. ಅಂಕಪಟ್ಟಿ ಇಲ್ಲದೆ ರ‍್ಯಾಲಿಯ ಗೇಟೂ ದಾಟಲು ಆಗುವುದಿಲ್ಲ ಅನ್ನುವುದು ಅಪ್ಪನಿಗೆ ಹೊಳೆದಿರಲಿಲ್ಲ.

ನಾನು, ಅಪ್ಪ, ಆ 71ರ ಅಜ್ಜ ಮೂವರೂ ಬೈಕಿನಲ್ಲಿ ಹೋದೆವು. ಅಜ್ಜ ಮೆಡಲ್ ಹಾಕಿಕೊಂಡೇ ಬಂದಿದ್ದರು, ಯಾರೂ ಹೇಳಿರಲಿಲ್ಲ. ದಲ್ಲಾಳಿಯ ಮನೆ ಮುಂದೆ ಕಟ್ಟೆ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಎರಡು ಗಂಟೆ ಬಿಟ್ಟು ಅಂಕಪಟ್ಟಿ ಹೊರಗೆ ಬಂತು. ಒಂದು ಮೂಲೆಗೆ ಎಣ್ಣೆ ಕಲೆ ಆಗಿತ್ತು. 50,000 ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ರ‍್ಯಾಲಿಯಲ್ಲಿ 5:41. ಎರಡನೇ ಗುಂಪು, 48 ಅಂಕ. ಪುಲ್-ಅಪ್ ಒಂಬತ್ತು, 33 ಅಂಕ. ಒಟ್ಟು 81. ಹಗ್ಗ ಬೀಳಲು ನಾಲ್ಕು ಸೆಕೆಂಡ್ ಬಾಕಿ ಇತ್ತು. ವೈದ್ಯಕೀಯದಲ್ಲಿ ಫಿಟ್, ಕಿವಿ ಮೊದಲೇ ತೋರಿಸಿಕೊಂಡಿದ್ದ. ಲಿಖಿತ ಪರೀಕ್ಷೆ ಚೆನ್ನಾಗಿ ಬರೆದ, ಐಟಿಐ ಗಣಿತ ಕೈಹಿಡಿಯಿತು. 2023ರ ಮಾರ್ಚ್‌ನಲ್ಲಿ ಟ್ರಂಕು ಹಿಡಿದು ಹೋದ.

ಏನು ಕಲಿತೆವು

ಹುಡುಗ ಸೇರಿದ, ಹಾಗಾಗಿ ಕಥೆ ಸುಖಾಂತ್ಯ ಅಂತ ಬೇರೆ ಮೈದಾನದವರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಅವನ ಸೇರ್ಪಡೆಯಲ್ಲಿ ಅವನ ಶ್ರಮ ಎಷ್ಟಿತ್ತೋ ಅದೃಷ್ಟವೂ ಅಷ್ಟೇ ಇತ್ತು. ಹುಟ್ಟಿದ ತಾರೀಕು ಕೆಲವು ತಿಂಗಳು ಹಿಂದೆ ಇದ್ದಿದ್ದರೆ ಇಲ್ಲ. ಧಾರವಾಡದಲ್ಲಿ ಬೇರೆ ಗಲ್ಲಿ ಹಿಡಿದಿದ್ದರೆ ಇಲ್ಲ. ದಾಖಲೆ ನಾಲ್ಕು ದಿನ ಮುಂಚೆ ಕೇಳದೆ ಹಿಂದಿನ ರಾತ್ರಿ ಕೇಳಿದ್ದರೆ ಇಲ್ಲ. ಗೆಳೆಯ ಅವನಷ್ಟೇ ಓಡಿದ್ದ. ಅವನ ಎತ್ತರ 169, ಪೊಲೀಸ್‌ಗೆ ಸಾಕು, ಆದರೆ ಅಲ್ಲಿ ಎದೆ 86 ಬೇಕು, ಅವನದು 80. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಅಲ್ಲೂ ಒಂದು ಸಮವಸ್ತ್ರ ಇದೆ, ಹೆಗಲ ಮೇಲೆ ಬಿಲ್ಲೆ ಕೂಡ ಇದೆಯಂತೆ.

ಮೈದಾನದಲ್ಲಿ ನಾನು ಕೆಲವು ಬದಲಾವಣೆ ಮಾಡಿದೆ. ಸೇರುವ ದಿನವೇ ಪ್ರತಿ ಹುಡುಗನ ಹುಟ್ಟಿದ ತಾರೀಕು ರಿಜಿಸ್ಟರಿನಲ್ಲಿ ಬರೆದು, ಅವನ ಕೊನೆಯ ಅವಕಾಶ ಯಾವಾಗ ಮುಗಿಯುತ್ತದೆ ಅಂತ ಎದುರಿಗೇ ಕೆಂಪು ಪೆನ್ನಲ್ಲಿ ಬರೆಯುತ್ತೇನೆ. ಮೂಲ ದಾಖಲೆ ಅಮ್ಮನ ಪೆಟ್ಟಿಗೆಯಲ್ಲಿ ಇರಬೇಕು, ಅಪ್ಪನ ಕೈಯಲ್ಲಿ ಅಲ್ಲ. ಇದು ತಮಾಷೆಗೆ ಹೇಳಿದ್ದಲ್ಲ. ಎತ್ತರ ಮೊದಲೇ ಅಳೆದು, ಯಾವ ಯಾವ ಬಾಗಿಲು ತೆರೆದಿದೆ ಅಂತ ಹೇಳಿಬಿಡುತ್ತೇನೆ, ಬೇಜಾರಾದರೂ ಸರಿ. ಮತ್ತೆ, ಎರಡನೇ ಫಾರ್ಮ್ ಕಡ್ಡಾಯ. ಸೇನೆಯ ಅರ್ಜಿ ಹಾಕುವವನು ಅದೇ ತಿಂಗಳು ಇನ್ನೊಂದು ಕಡೆಯೂ ಅರ್ಜಿ ಹಾಕಿರಬೇಕು. ಡಿಗ್ರಿ, ಅಪ್ರೆಂಟಿಸ್, ಅರಣ್ಯ ಇಲಾಖೆ, ಏನಾದರೂ. ಇದನ್ನು ಮೊದಲು ಹೇಳುವಾಗ ನನಗೇ ನಾಚಿಕೆ ಆಗಿತ್ತು. ಎರಡು ದೋಣಿ ಮೇಲೆ ಕಾಲಿಟ್ಟವನು ಎಂಥ ಸಿಪಾಯಿ ಅಂತ ನಮ್ಮ ಕಾಲದಲ್ಲಿ ಬೈಯುತ್ತಿದ್ದರು.

ಹುಡುಗ ಕಳೆದ ಸಲ ರಜೆಗೆ ಬಂದಿದ್ದ. ಅಗ್ನಿವೀರನಿಗೆ ವರ್ಷಕ್ಕೆ 30 ದಿನ, ನನಗೆ 90 ಇತ್ತು. ಬೆಳಗ್ಗೆ ಐದಕ್ಕೆ ಮೈದಾನಕ್ಕೆ ಬಂದು ಹೊಸ ಹುಡುಗರ ಜೊತೆ ಎಂಟು ಸುತ್ತು ಹಾಕಿದ. ಯಾರೋ ಕೇಳಿದರು: "ಅಣ್ಣಾ, ಆ 25ರಾಗ ನೀ ಇರ್ತೀಯೇನು?" 2027ಕ್ಕೆ ಅವನ ನಾಲ್ಕು ವರ್ಷ ಮುಗಿಯುತ್ತದೆ. ಹೊರಬಂದವರಿಗೆ ಅರೆಸೇನಾ ಪಡೆಗಳಲ್ಲಿ 10 ಪರ್ಸೆಂಟ್ ಮೀಸಲು ಅಂತ 2022ರಲ್ಲಿ ಹೇಳಿದ್ದರು. "ಮೀಸಲು ಕೊಡ್ತಾರ, ಖರೇ. 167ನ್ನ 170 ಮಾಡಿ ಯಾರು ಕೊಡ್ತಾರ?" ಅಂತ ನಕ್ಕ.

ಆಮೇಲೆ ನನ್ನ ಪಕ್ಕ ಕೂತು ಮೊಬೈಲ್ ತೆಗೆದು ಏನೋ ತೋರಿಸಿದ. ಅಗ್ನಿವೀರರಿಗಾಗಿ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಇರುವ ಪದವಿಯ ಅರ್ಜಿ. ಸೇನೆಯಲ್ಲಿ ಪಡೆದ ತರಬೇತಿಗೇ ಅರ್ಧ ಕ್ರೆಡಿಟ್ ಸಿಗುತ್ತದೆ, ಉಳಿದದ್ದು ಓದಬೇಕು. ಎಣ್ಣೆ ಕಲೆ ಇದ್ದ ಅಂಕಪಟ್ಟಿಯ ಫೋಟೋ ಅಪ್‌ಲೋಡ್ ಆಗಿತ್ತು.

"ಏನೋ, ಇನ್ನೂ ಸೇವೆ ಮುಗಿದಿಲ್ಲ, ಆಗಲೇ ಹೊರಗೆ ನೋಡ್ತಿದೀಯಾ?" ಅಂತ ಕೇಳಿದೆ. ಹಳೇ ಹವಾಲ್ದಾರ್ ಬುದ್ಧಿ, ಬಾಯಿಂದ ಬಂದುಬಿಟ್ಟಿತು.

"ನೀವಾ ಹೇಳಿದ್ರಲ್ಲ ಸರ," ಅಂದ, ಶೂ ದಾರ ಬಿಗಿ ಮಾಡುತ್ತಾ. "ಎರಡನೇ ಫಾರ್ಮ್ ಕಡ್ಡಾಯ ಅಂತ."